ಅಳೆದೂ ಸುರಿದೂ

ಕರಕೋಲ್ ಪೇಟೆಯಲ್ಲಿ, ಬೂಟು ಹೊಲಿಯುವವನ ಮಗ್ಗುಲಿಗೆ
ನನ್ನದು ಒಲೆಯಂಗಡಿ. ಅಂಗಡಿಯೆಂದರೆ
ಹಡಗಿಗೆ ಸರಕು ತುಂಬುವ ಕಬ್ಬಿಣದ ಪೆಟ್ಟಿಗೆ,
ಸಮುದ್ರವನ್ನೇ ಕಾಣದ ಊರಿನಲ್ಲಿ.
ಒಂದು ತಕ್ಕಡಿ, ಒಂದು ಬೇಸಿನ್ನು ನೀರು, ನಾನು.

ಬೆಟ್ಟ ಇಳಿದ ಪರದೇಶಿಗಳು
ವಿಮಾನಕ್ಕೆ ಒಯ್ಯಲಾಗದ ಗ್ಯಾಸ್ ಡಬ್ಬಿಗಳನ್ನು
ನನಗೆ ಮಾರಿ ಹೋಗುತ್ತಾರೆ.
ಅರ್ಧ ಇದೆ ಎನ್ನುತ್ತಾರೆ, ಆಣೆಯಿಡುತ್ತಾರೆ.
ನಾನು ನೀರಿಗೆ ಬಿಡುತ್ತೇನೆ.
ತುಂಬಿದ್ದು ಕುತ್ತಿಗೆಮಟ್ಟ ಇಳಿದು ಕೂರುತ್ತದೆ,
ಬರಿದಾದದ್ದು ಕುಡಿದವನ ಹಾಗೆ ವಾಲುತ್ತದೆ.
ನೀರಿಗೆ ದಾಕ್ಷಿಣ್ಯವಿಲ್ಲ.

ಜುಲೈನಲ್ಲಿ ನುರ್ಜಾತ್ ಬಂದಳು, ತಂಗಿಯ ಮಗಳು.
ಹಿಮನದಿಗೆ ಕೋಲು ನೆಟ್ಟು
ಎಷ್ಟು ಕರಗಿತೆಂದು ಬರೆದುಕೊಳ್ಳುವ ನೌಕರಿ.
ಹನ್ನೊಂದು ದಿನ, ಇಬ್ಬರೇ, ಕುದುರೆ ಹತ್ತದ ಜಾಗ.
"ತಾಯೆಜೆ, ಹಗುರಾದದ್ದು ಕೊಡು."
ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ್ದಾಳೆ ಹುಡುಗಿ,
ಚಹಾ ಪೊಟ್ಟಣಗಳ ದಾರ ಕಿತ್ತಿದ್ದಾಳೆ.
ಮಂಜು ಕೊರೆಯುವ ಬೈರಿಗೆ ಮಾತ್ರ ಉಕ್ಕಿನದೇ,
ಅದರ ಮಾತೆತ್ತುವಂತಿಲ್ಲ.

ಮೊದಲು ತೋರಿಸಿದೆ ಸ್ಪಿರಿಟ್ ಒಲೆ,
ಬಿಯರ್ ಡಬ್ಬಿ ಕತ್ತರಿಸಿ ಯಾರೋ ಮಾಡಿದ್ದು.
ತಕ್ಕಡಿಯ ಮುಳ್ಳು ಅಲುಗಲಿಲ್ಲ, ಅವಳ ಕಣ್ಣು ಅರಳಿತು.
ಹಗಲಲ್ಲಿ ಇದರ ಉರಿ ಕಾಣದು, ಮಗಳೇ,
ಆರಿತೆಂದು ಮತ್ತೆ ಸುರಿಯುತ್ತೀಯ
ಎಂದು ನನ್ನ ಮಣಿಕಟ್ಟಿನ ಕಲೆ ತೋರಿಸಿದೆ.
ಗಾಳಿ ಬಂದರಂತೂ ನಿಜವಾಗಿಯೂ ಆರುತ್ತದೆ.

ಆಮೇಲೆ ಗ್ಯಾಸಿನದು.
ಮೂರು ಕಾಲು ಮಡಚಿದರೆ ಮಿಡತೆ, ಅಂಗೈಯಲ್ಲಿ ಅಡಗುತ್ತದೆ.
ನಾಲ್ಕು ನಿಮಿಷಕ್ಕೆ ನೀರು ಕುದಿ.
ಆದರೆ ಕೊರೆವ ಚಳಿಯ ಬೆಳಗಿನಲ್ಲಿ ಈ ಗ್ಯಾಸು
ಮುನಿಸಿಕೊಂಡ ಅಳಿಯನಂತೆ ಒಳಗೇ ಕೂರುತ್ತದೆ,
ಎಷ್ಟು ಕರೆದರೂ ಹೊರಬರದು.
ಆಗತಾನೆ ಹುಟ್ಟಿದ ಕುರಿಮರಿಯಂತೆ
ರಾತ್ರಿಯಿಡೀ ಅದನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕು.

ಮೂರನೆಯದು ಮಾರಾಟಕ್ಕಲ್ಲ.
ಸೋವಿಯತ್ ಕಾಲದ ಹಿತ್ತಾಳೆ ಒಲೆ, ಹೆಸರು ಶ್ಮೆಲ್,
ದುಂಬಿ ಎಂದರ್ಥ. ಹತ್ತಿಸಿದರೆ ಗೊತ್ತಾಗುತ್ತದೆ ಯಾಕೆಂದು.
ಯಾವ ಲಾರಿಯ ಪೆಟ್ರೋಲಾದರೂ ಕುಡಿಯುತ್ತದೆ,
ಯಾವ ಗಾಳಿಗೂ ಜಗ್ಗುವುದಿಲ್ಲ.
ತಕ್ಕಡಿಗಿಟ್ಟೆ. ತಟ್ಟೆ ಟಣ್ಣೆಂದು ಕೆಳಗೆ ಬಿತ್ತು.
"ಅಸಾನ್‌ಕುಲ್ ಮಾಮನದಲ್ಲವೇ?"
ಹೌದು, ಇದನ್ನೇ ಹೊತ್ತು ಹೋಗಿದ್ದ ಆ ಚಳಿಗಾಲ,
ಎಂಟು ಕಾಲ್ಬೆರಳಿನೊಂದಿಗೆ ಇಳಿದು ಬಂದ.
ಒಲೆಯಲ್ಲಿ ಏನೂ ಊನವಿರಲಿಲ್ಲ.
ಬೆಂಕಿಕಡ್ಡಿ ತೊಯ್ದಿತ್ತು.

ಅಳೆದೂ ಸುರಿದೂ ಸಂಜೆಯಾಯಿತು.
ಬೂಟಿನವನು ಬಾಗಿಲೆಳೆದ.
ಕೊನೆಗೆ ಮಿಡತೆಯನ್ನೇ ಎತ್ತಿಕೊಂಡಳು.
ಬೇಸಿನ್ನಿನಲ್ಲಿ ಆಳಕ್ಕೆ ಕೂತ ಐದು ಡಬ್ಬಿ ಆರಿಸಿಕೊಟ್ಟೆ,
ಮೇಣದಲ್ಲಿ ಅದ್ದಿದ ಬೆಂಕಿಪೊಟ್ಟಣ ಮೂರು, ಪುಕ್ಕಟೆ.
ಒಂದನ್ನು ಮೆಲ್ಲಗೆ ವಾಪಸ್ಸಿಟ್ಟಳು. ನೋಡಿದೆ.
ಚೀಲದ ಬಾಯಿ ಕಟ್ಟುವಾಗ ಮತ್ತೆ ತುರುಕಿದೆ.

ಹನ್ನೊಂದನೆಯ ದಿನವಲ್ಲ, ಒಂಬತ್ತಕ್ಕೇ ಬಂದಳು,
ಮೂಗಿನ ತುದಿ ಸುಲಿದು, ಬೆರಳೆಲ್ಲ ಸರಿಯಾಗಿದ್ದು.
ಎರಡು ಡಬ್ಬಿ ಮೇಜಿನ ಮೇಲಿಟ್ಟಳು, ಮುಚ್ಚಳ ತೆಗೆಯದವು.
"ಮುನಿಸಿಕೊಂಡಿತೇ?" ಎಂದೆ.
"ಒಂದು ಬೆಳಗೂ ಇಲ್ಲ, ತಾಯೆಜೆ.
ಮಗ್ಗುಲಲ್ಲಿ ಮಲಗಿಸಿಕೊಳ್ಳಲೇ ಇಲ್ಲ.
ಮಂಜು ಕರಗಿಸುವ ಕೆಲಸವೂ ಬೀಳಲಿಲ್ಲ,
ಡೇರೆಯ ಪಕ್ಕದಲ್ಲೇ ನೀರು ಹರಿಯುತ್ತಿತ್ತು,
ರಾತ್ರಿಯೂ."

ಒಲೆಯ ಮಾತಾಗಿದ್ದರೆ ನಾನು ನಗಬಹುದಿತ್ತು.
ಹೋದ ವರ್ಷ ನೆಟ್ಟ ಕೋಲುಗಳು
ಬುಡ ಕರಗಿ ಅಡ್ಡ ಬಿದ್ದಿದ್ದವಂತೆ,
ಅಳೆಯಲು ನಿಂತದ್ದು ಒಂದೂ ಇರಲಿಲ್ಲವಂತೆ.

ರೂಢಿ ಬಿಡದೆ ಡಬ್ಬಿಗಳನ್ನು ನೀರಿಗೆ ಬಿಟ್ಟೆ.
ತುಂಬಿದ್ದವು. ಕುತ್ತಿಗೆಮಟ್ಟ ಇಳಿದು ಕೂತವು.
ಸೋಮ್ ಎಣಿಸಿ ಅವಳ ಕಡೆ ತಳ್ಳಿದೆ,
ಅವಳು ಬೇಸಿನ್ನನ್ನೇ ನೋಡುತ್ತಿದ್ದಳು.