ಇಲಿಬಾಲ

ಎರಡನೆಯ ಮಹಡಿಯಲ್ಲಿ ಎಜೀದಿಯೊ, ಕಿಟಕಿಗೆ ಗಾಜು ಕೂರಿಸುವವ.
ನಾಲ್ಕರಲ್ಲಿ ಒಂಡೀನಾ.
ನಡುವೆ ನಾನು.
ನನ್ನ ಸೂರೇ ಅವಳ ಅಡುಗೆಮನೆಯ ನೆಲ,
ಅವಳ ಪಂಪು ಗುರುಗುಟ್ಟಿದಾಗಲೇ
ತ್ರಿಯೆಸ್ತೆಯಲ್ಲಿ ನನಗೆ ಬೆಳಗು.

ಮಲಗಿದಲ್ಲೇ ಎಣಿಸುತ್ತೇನೆ.
ಹದಿನಾಲ್ಕಕ್ಕೆ ನಿಂತರೆ ಹುಳಿ, ಸಿಂಕಿಗೆ ಸುರಿದ ಸದ್ದು.
ನಲವತ್ತು ದಾಟಿದರೆ ಕಹಿ, ಜೊತೆಗೊಂದು ಬೈಗುಳ,
ಅದು ಬಂದರಿನದು,
ಇಲ್ಲಿ ಬರೆಯುವಂಥದ್ದಲ್ಲ.

ಮೂವತ್ತೆಂಟು ವರ್ಷ ವೇಬ್ರಿಡ್ಜಿನಲ್ಲಿ ಕೂತು
ಕಾಫಿಬೀಜದ ಲಾರಿ ತೂಗಿದವಳು.
ನೂರು ಕಿಲೋ ಆಚೀಚೆಯಾದರೆ
ಅದು ಚಾಲಕನ ಹೊಟ್ಟೆ ಎಂದು ನಕ್ಕು
ಮೊಹರು ಒತ್ತಿದ ಕೈ
ಈಗ ಅರ್ಧ ಗ್ರಾಂ ಪುಡಿಗಾಗಿ ನಡುಗುತ್ತದೆ.

ನಿವೃತ್ತಿಯ ದಿನ ಗೆಳೆಯರು ಕೊಟ್ಟ ಯಂತ್ರ.
ಬೆನ್ನ ಮೇಲೆ ಎಲ್ಲರ ಸಹಿ,
ಬಿಸಿಗೆ ಮೊದಲು ಅಳಿಸಿದ್ದು ಮೇಲಧಿಕಾರಿಯದು.

"ಮನೆಯಲ್ಲಿ ಎಸ್ಪ್ರೆಸೊ ಆಗುವುದುಂಟೆ?" ಎಂದ ಎಜೀದಿಯೊ,
"ಬಾರಿನದು ಬಾರಿನದೇ."
"ನನ್ನ ಯಂತ್ರದೊಳಗೆ ಒಂಬತ್ತು ಬಾರ್ ಇದೆ,
ನಿನ್ನ ಬೀದಿಯಲ್ಲಿ ಎರಡೇ" ಎಂದಳು.

ಅಂದಿನಿಂದ ವ್ರತ.
ಅರ್ಧ ಗಂಟೆ ಮೊದಲೇ ಯಂತ್ರ ಹಚ್ಚಿ
ಹಿಡಿಕೆಯ ಹಿತ್ತಾಳೆಗೂ ಜ್ವರ ಬರುವ ತನಕ ಕಾಯುವುದು.
ಪುಡಿ ಹದಿನೆಂಟು ಗ್ರಾಂ. ಹದಿನೆಂಟೂವರೆ ಅಲ್ಲ.
ಬಾಟಲಿಯ ಬಿರಡೆಗೆ ಚುಚ್ಚಿದ ನಾಲ್ಕು ಸೂಜಿ,
ಅದರಿಂದ ಗಂಟು ಬಿಡಿಸುವುದು
ಅಳುವ ಮಗುವಿನ ತಲೆ ಬಾಚಿದ ಹಾಗೆ.
ಒತ್ತಿದ ಬಿಲ್ಲೆ ಮಟ್ಟಸ ಕೂರದಿದ್ದರೆ
ನೀರು ಸಂದು ಹುಡುಕುತ್ತದೆ;
ಅಂಥ ಜಾಣ ಕಳ್ಳಸಾಗಣೆದಾರ
ಅವಳ ಗೇಟಿನಲ್ಲೂ ಹಾದಿರಲಿಲ್ಲ.

ಕಾರ್ಸ್ಟಿನ ಕಲ್ಲು ತೊಳೆದು ಬರುವ ನೀರು ಬೇರೆ,
ಸುಣ್ಣ ತನ್ನ ಪಾಲು ಕೇಳುತ್ತದೆ.
ತಿಂಗಳಿಗೊಮ್ಮೆ ನಿಂಬೆ ಉಪ್ಪು ಕುಡಿಸಿ
ಯಂತ್ರದ ಗಂಟಲು ತೊಳೆಯುತ್ತಾಳೆ.
ಎಲ್ಲ ಬರೆದಿಡುತ್ತಾಳೆ, ಕರೆಂಟು ಬಿಲ್ಲಿನ ಹಿಂದೆ,
ಲಾರಿ ಬರೆದ ಅದೇ ಕಾಲಮ್ಮುಗಳಲ್ಲಿ:
ಒಳಗೆ ಬಂದದ್ದು, ಹೊರಗೆ ಹೋದದ್ದು, ವೇಳೆ, ಷರಾ.

ಫೆಬ್ರವರಿಯಲ್ಲಿ ಬೋರಾ ಗಾಳಿ ಇಳಿಯಿತು.
ಕಿಟಕಿಗಳು ಹಲ್ಲು ಕಡಿದವು. ಎಜೀದಿಯೊಗೆ ಸುಗ್ಗಿ.
ಒಣಗಾಳಿಗೆ ಬೀಜವೂ ಒಣಗಿ
ಪುಡಿ ಸಿಡುಕಿ ಅವಳ ತೋಳಿಗೆ ಅಂಟಿತು.
ನಿನ್ನೆಯ ಹದ ಇವತ್ತು ಹದವಲ್ಲ.
ಬೀಜದ ನಡುವೆ ಒದ್ದೆ ಚಮಚ ಆಡಿಸಿ
ಎರಡು ಹಲ್ಲು ನುಣ್ಣಕ್ಕೆ ತಿರುವಿದಳಂತೆ.
ಪಂಪು ಹತ್ತಿತು. ನಾನು ಎಣಿಸಿದೆ.
ಇಪ್ಪತ್ತೆಂಟು.
ಆಮೇಲೆ ಏನೂ ಇಲ್ಲ. ಸುರಿದ ಸದ್ದಿಲ್ಲ.

ಬಾಗಿಲು ತೆರೆದು ಮೆಟ್ಟಿಲ ಬಾವಿಗೆ ಬಗ್ಗಿ ಕೂಗಿದಳು:
"ಎಜೀದಿಯೊ! ಇಲಿಬಾಲ! ಇಲಿಬಾಲದ ಹಾಗೆ ಇಳಿಯಿತು!"
ಪುಟ್ಟಿ ಮೆತ್ತಿದ ಕೈಯಲ್ಲೇ ಅವನು ಹತ್ತಿದ,
ನನ್ನ ಬಾಗಿಲಲ್ಲಿ ನಿಂತು ಮೊಣಕಾಲಿಗೆ ಶಾಪ ಹಾಕಿದ,
ಮತ್ತೆ ಹತ್ತಿದ.
ಅಷ್ಟರಲ್ಲಿ ನೊರೆ ಒಡೆದು
ನಡುವೆ ಕರಿಗಣ್ಣು ತೆರೆದಿತ್ತು.
ಕುಡಿದ. "ಒಗರು" ಅಂದ. ಇಳಿದು ಹೋದ.

ಅವಳು ವಾದಿಸಲಿಲ್ಲ.
ಒಳಗೆ: 18. ಹೊರಗೆ: 37. ವೇಳೆ: 28.
ಷರಾ: ಮೆಟ್ಟಿಲು 41, ಹೆಚ್ಚಾಯಿತು.

ಮರುದಿನ ಮೊದಲು ಮನುಷ್ಯ, ಆಮೇಲೆ ಗುಂಡಿ.
ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು,
ನನ್ನನ್ನೂ ಕರೆದಳು, ಸಾಕ್ಷಿಗೆ.
ಮೊದಲು ಏಳೆಂಟು ಎಣಿಸುವಷ್ಟು ಹೊತ್ತು ಬರೀ ಸದ್ದು.
ಆಮೇಲೆ ಕಂದು ಹನಿ, ತಡವರಿಸಿ ಇನ್ನೊಂದು,
ಕೂಡಿಕೊಂಡು ಎಳೆಯಾಗಿ
ಒಳಕ್ಕೆ ಬಾಗಿ, ತುದಿಗೆ ಸಣ್ಣಗಾಗಿ ಇಳಿಯಿತು.
ಹೊರಗೆ ಸ್ಕೂಟರುಗಳು ಉರುಳುತ್ತಿದ್ದವು,
ಕಟ್ಟಡ ಅಲುಗುತ್ತಿತ್ತು,
ಮೂವರೂ ಉಸಿರು ಹಿಡಿದು
ಒಂದು ಇಲಿಯ ಬಾಲ ನೋಡುತ್ತಿದ್ದೆವು.

ಎಜೀದಿಯೊ ಸಕ್ಕರೆ ಮುಟ್ಟಲಿಲ್ಲ.
ಒಂದು ಗುಟುಕು. ಇನ್ನೊಂದು.
ಖಾಲಿ ಕಪ್ಪನ್ನು ಬೆಳಕಿಗೆ ಹಿಡಿದು
ಬಿರುಕು ಹುಡುಕುವವನಂತೆ ತಿರುಗಿಸಿದ.
"ಕಪ್ಪು ಚಿಕ್ಕದಾಯಿತು" ಅಂದ.

ಒಂಡೀನಾ ಬಿಲ್ಲು ಮಗುಚಿ, ಪೆನ್ನು ಹುಡುಕಿ
ಷರಾದಲ್ಲಿ ಅದನ್ನೇ ಬರೆದಳು.
ಮೊಹರಿದ್ದಿದ್ದರೆ ಒತ್ತುತ್ತಿದ್ದಳು.