ಹುತ್ತದ ಬಳಸು

ನಾನು ಬರೆದದ್ದು ಹುಲ್ಲು.
ಊರು ಬರೆದವರು ಬೇರೆ. ಅವರು ಮೇಲಿನ ಮಹಡಿಯಲ್ಲಿ
ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು.
ನಾನು ಕೆಳಗೆ, ಕಿಟಕಿ ಪಕ್ಕದ ಮೂರನೇ ಮೇಜು,
ಟ್ರೇಸಿಂಗ್ ಹಾಳೆಯ ಮೇಲೆ ದಿನಕ್ಕೆರಡು ಸಾವಿರ ಚುಕ್ಕೆ.
ಚುಕ್ಕೆಯೆಂದರೆ ಹುಲ್ಲು, ಸೊನ್ನೆಯೆಂದರೆ ಮರ,
ಏನೂ ಬರೆಯದೆ ಬಿಟ್ಟರೆ ರಸ್ತೆ.

ಬ್ರೆಸಿಲಿಯಾ ಆಗಿನ್ನೂ ಕೆಂಪು ಧೂಳು.
ಮಸಿ ಆರುವ ಮೊದಲೇ ಲಾರಿ ಬಂದು ನಿಲ್ಲುತ್ತಿತ್ತು,
ಬೆಳಿಗ್ಗೆ ಎಳೆದ ಗೆರೆಗೆ ಸಂಜೆಗೆ ಕಾಂಕ್ರೀಟು.
ತಪ್ಪಿದರೆ ಬ್ಲೇಡಿನಿಂದ ಹಾಳೆ ಕೆರೆಯುತ್ತಿದ್ದೆ,
ಮುದುಕನ ಗಡ್ಡ ಹೆರೆಯುವ ಕ್ಷೌರಿಕನ ಹಾಗೆ
ಉಸಿರು ಹಿಡಿದು.
ಅಳತೆ ತಿಳಿಯಲೆಂದು ಕಟ್ಟಡದ ಚಿತ್ರದ ಮುಂದೆ
ಮೂರು ಜನರನ್ನೂ ನಿಲ್ಲಿಸುತ್ತಿದ್ದೆ. ಕಣ್ಣು ಮೂಗು ಇಲ್ಲ.
ಒಬ್ಬನಿಗೆ ಟೋಪಿ, ಹೆಂಗಸಿಗೆ ತ್ರಿಕೋನದ ಲಂಗ.
ಅವರಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಕಾಫಿ ತರುತ್ತಿದ್ದವಳು ಜುಲ್ಮೀರಾ.
ಪಿಯಾವಿಯಿಂದ ಲಾರಿಯ ಹಿಂದೆ ಕೂತು
ಹನ್ನೊಂದು ದಿನ ಬಂದವಳು. ಓದು ಬರದು.
ಒಂದು ದಿನ ಲೋಟ ಇಳಿಸಿ ಕೇಳಿದಳು:
"ಜುರಾಂದಿರ್, ಇದರಲ್ಲಿ ನನ್ನ ಬಸ್ಸು ಎಲ್ಲಿ ನಿಲ್ಲುತ್ತೆ?"
ತೋರಿಸಿದೆ.
"ನಾನು ಗುಡಿಸೋ ಕಟ್ಟಡ?"
ತೋರಿಸಿದೆ. ನಡುವೆ ಒಂದು ಗೇಣು,
ನನ್ನ ಮೂರು ದಿನದ ಚುಕ್ಕೆ.
"ಮತ್ತೆ ನಡೆಯೋದು?"
ರಸ್ತೆಯಡಿಯ ಸುರಂಗದಾರಿಯನ್ನು ಪೆನ್ಸಿಲಿನ ತುದಿಯಲ್ಲಿ ಹಿಡಿದು
ಸುತ್ತಿ ಸುತ್ತಿ ಬಾಗಿಲಿಗೆ ತಂದು ಬಿಟ್ಟೆ.
ಅವಳು ಮಾತಾಡಲಿಲ್ಲ. ಕಾಫಿಯಲ್ಲಿ ಒದ್ದೆಯಾದ ಬೆರಳನ್ನು
ಬಸ್ಸಿನಿಂದ ಸೀದಾ ಬಾಗಿಲಿಗೆ ನಡೆಸಿದಳು,
ಒಂದು ಕಡೆ ಮಾತ್ರ ಎಡಕ್ಕೆ ತುಸು ಬಳಸಿ.
"ಅಲ್ಲೇನಿದೆ?"
"ಹುತ್ತ. ಗೆದ್ದಲಿಂದು. ನನ್ನ ಎದೆಯೆತ್ತರ. ನೋಡಿಲ್ವಾ ನೀವು?"

ನೋಡಿರಲಿಲ್ಲ. ಗುರುತಿನ ಪಟ್ಟಿಯಲ್ಲಿ ಹುತ್ತ ಇರಲಿಲ್ಲ.
ಅವಳ ಬಸ್ಸು ಎಲ್ಲಿಂದ ಬರುತ್ತಿತ್ತೋ ಆ ಊರೂ ಇರಲಿಲ್ಲ;
ಹಾಳೆಯ ಅಂಚಿಗೆ ಒಂದು ಬಾಣ ಹಾಕಿ
ನಾನೇ ರಸ್ತೆಯನ್ನು ಆಚೆಗೆ ಕಳಿಸಿಬಿಟ್ಟಿದ್ದೆ.
ಆ ಕಂದು ಗೆರೆಯನ್ನು ರಾತ್ರಿ ಒಂಬತ್ತರವರೆಗೆ ಕೆರೆದೆ.
ಹಾಳೆ ತೆಳುವಾಯಿತು. ದೀಪಕ್ಕೆ ಹಿಡಿದರೆ
ಊರಿಗೆಲ್ಲ ಅದೊಂದೇ ಬೆಳಕು.

ಮೂರನೇ ವರ್ಷ ಬುಲ್ಡೋಜರು ಹುತ್ತವನ್ನು ಒಂದೇ ತುತ್ತಿಗೆ ನುಂಗಿತು.
ಹುಲ್ಲು ಹಾಸಿದರು. ಹಾಳೆಯಲ್ಲಿದ್ದ ಹಾಗೇ ಬಂತು ಪಾಪ, ಹಸಿರಾಗಿ.
ಆಮೇಲೊಮ್ಮೆ ವಿಮಾನದಿಂದ ತೆಗೆದ ಫೋಟೋ ಮೇಜಿಗೆ ಬಂದಾಗ
ಭೂತಗನ್ನಡಿ ಹಿಡಿದು ಕೂತೆ:
ಬಸ್ಸಿನಿಂದ ಬಾಗಿಲಿಗೆ ಕೂದಲೆಳೆಯ ಕೆಂಪು ಗೀರು,
ಒಂದು ಕಡೆ, ಎಡಕ್ಕೆ.

ಸಭೆ ಸೇರಿತು. ಮೊದಲು ಬೋರ್ಡು ನೆಟ್ಟರು,
ಬೋರ್ಡಿನ ನೆರಳಲ್ಲಿ ಒಬ್ಬ ಕಡಲೆಕಾಯಿ ಮಾರತೊಡಗಿದ.
ತಂತಿ ಕಟ್ಟಿದರು, ಯಾರೋ ಬಟ್ಟೆ ಒಣಹಾಕಲು ಒಯ್ದರು.
ಮುಳ್ಳುಗಿಡಕ್ಕೆ ಒಂದು ವಾರ
ಹವಾಯಿ ಚಪ್ಪಲಿಯೊಂದು ಸಿಕ್ಕಿಕೊಂಡಿತ್ತು, ಅಷ್ಟೇ.
ನಾವು ಚಾಪೆಯಡಿ ತೂರಿದರೆ
ಆ ಕಾಲುಗಳು ರಂಗೋಲಿಯಡಿ ತೂರಿದವು.
ಮೇಲಿನ ಮಹಡಿಯವರು ಒಬ್ಬೊಬ್ಬರೇ ಗೋಡೆಯ ಫೋಟೋ ಆದರು.
ಹೊಸದಾಗಿ ಬಂದ ಲೆಯೊಕಾಡಿಯಾ ಎಂಬ ಹುಡುಗಿ
ಗಂಟಲು ಸರಿಮಾಡಿಕೊಂಡು "ಅಲ್ಲೇ ಕಲ್ಲು ಹಾಸಿಬಿಡೋಣ" ಅಂದಳು.
ಹಳೆಯ ಹಾಳೆ ಬಿಚ್ಚಿದರೆ ತೆಳುವಾದಲ್ಲೇ ಹರಿದಿತ್ತು.

ಕಲ್ಲು ಹಾಸಿದರು. ಲೆಕ್ಕಪತ್ರದವರು ಬಳಸು ತೆಗೆದು ನೇರ ಮಾಡಿಸಿದರು,
ಉಳಿದದ್ದು ನಲವತ್ತು ಕಲ್ಲು.

ಜುಲ್ಮೀರಾ ಆ ಹೊತ್ತಿಗೆ ಇರಲಿಲ್ಲ.
ನಾನು ಪಿಂಚಣಿ ತರಲು ಆ ದಾರಿಯಲ್ಲೇ ಹೋಗುತ್ತೇನೆ, ಕೋಲೂರಿಕೊಂಡು.
ಮೊನ್ನೆ ಮುಂದೆ ಒಬ್ಬ ಹುಡುಗ, ಕಿವಿಗೆ ಇಯರ್‌ಫೋನು,
ಕಣ್ಣು ಮೊಬೈಲಿನಲ್ಲಿ. ನೂರಾರು ಹೆಜ್ಜೆ ಕಲ್ಲಿನ ಮೇಲೆ ನಡೆದು
ಅಲ್ಲಿ, ಏನೂ ಇಲ್ಲದಲ್ಲಿ, ಕೆಳಗಿಳಿದ.
ಎಡಕ್ಕೆ ಬಳಸಿ ಮತ್ತೆ ಕಲ್ಲು ಹತ್ತಿದ.
ಹುಲ್ಲು ಅಲ್ಲಿ ಸವೆದು ಕೆಂಪಾಗಿತ್ತು.

ನಾನು ನಿಂತೆ. ಹಿಂದೆ ಬರುತ್ತಿದ್ದವರು
ನನ್ನನ್ನೂ ಬಳಸಿಕೊಂಡು ಹೋದರು.