ಮಸಿ ಬಿದ್ದಿದೆ ಎಂದವರಿಗೆ

ಶ್ರೀಮತಿ ಹಿಲರಿ ಟಕ್‌ವೆಲ್ ಅವರಿಗೆ
ಬೆಂಗಳೂರು ದಂಡಿನ ಚರ್ಚು ಕಚೇರಿಯಿಂದ.
ನಿಮ್ಮ ಮುನ್ನೂರು ರೂಪಾಯಿ ಸಂದಿದೆ, ರಶೀದಿ ಇದರೊಂದಿಗಿದೆ.

ಹುಡುಕಿದೆ, ಮೂರು ಶನಿವಾರ.
ಬೀರುವಿನ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು
ಚರ್ಮದ ರಟ್ಟು ಬಿಡಿಸಿದರೆ
ಮೊದಲು ಹೊರಬಂದದ್ದು ಬೆಳ್ಳಿಹುಳು;
ಈ ಕಚೇರಿಯಲ್ಲಿ ಅದರದ್ದೇ ಹಳೆಯ ಮನೆತನ,
ಒಂದಿಡೀ ವರ್ಷದ ಮದುವೆಗಳನ್ನು ತಿಂದು ತೇಗಿದೆ.

ನೀವು ಕಳಿಸಿದ ನಿಮ್ಮೂರ ಪುಟಗಳನ್ನೂ
ಪಕ್ಕದಲ್ಲಿಟ್ಟುಕೊಂಡೆ.
ವಿಲ್ಟ್‌ಶೈರಿನ ನೆದರ್ ಕೂಂಬ್ ಹೇಗಿದೆಯೋ ನಾ ಕಾಣೆ,
ಜೋಬ್ ಟಕ್‌ವೆಲ್ ಮಾತ್ರ ಈಗ ಗುರುತಿನವನು:
ಕೂಲಿ ಆಳು, ಇನ್ನೊಬ್ಬರ ಹೊಲ ಉಳುವವನು.
ದೀಕ್ಷಾಸ್ನಾನದ ಪುಟದಲ್ಲಿ ಏಳು ಮಕ್ಕಳು,
ಹೂಳಿದ ಪುಟದಲ್ಲಿ ನಾಲ್ಕು.
ಪಾದ್ರಿ ಸಲಕ್ಕೊಂದು ಕಾಗುಣಿತ ಹಾಕಿದ್ದಾನೆ:
ಟಕ್‌ವೆಲ್, ಟುಕಲ್, ಟಕಿಲ್.
ತಿದ್ದಲು ಜೋಬನಿಗೆ ಓದು ಬಾರದು.
ಸಹಿಯ ಜಾಗದಲ್ಲಿ ಎರಡು ಗೀಟು, ಒಂದರ ಮೇಲೊಂದು,
ಕೊಟ್ಟಿಗೆಗೆ ಅಡ್ಡಮರ ಹಾಕಿದ ಹಾಗೆ.
ಅವನ ಅಪ್ಪನದೂ ಅದೇ. ಅಜ್ಜನದೂ.
ವಂಶವೃಕ್ಷ ಎಂದಿರಿ;
ನನಗೆ ಕಂಡದ್ದು ನೂರು ವರ್ಷದ ಉದ್ದಕ್ಕೂ
ಅಡ್ಡಗೀಟುಗಳ ಒಂದು ಬೇಲಿ.

ಐದನೆಯವ ಎಫ್ರಾಯಿಮ್
ಆ ಬೇಲಿ ಹಾರಿದವನು
ಇಲ್ಲಿ ಸಿಕ್ಕ. ಸಾವಿರದೆಂಟುನೂರ ಅರವತ್ತೊಂದು,
ಫೆಬ್ರವರಿ, ಮಂಗಳವಾರ.
ಗನ್ನರ್. ವಯಸ್ಸು ಇಪ್ಪತ್ತಾರು. ವಾಸ, ಬ್ಲಾಕ್‌ಪಳ್ಳಿ.
ಹೆಂಡತಿ ಮೇರಿ.
ಅವಳ ಅಪ್ಪನ ಕಾಲಂ ಖಾಲಿ. ಊರಿನ ಕಾಲಂ ಖಾಲಿ.
ಷರಾ: ಈ ದೇಶದವಳು.
ಅಷ್ಟೇ. ಹಲಸೂರೋ ಅಗರವೋ ಹೊಸಕೋಟೆಯ ಕಡೆಯೋ,
ದೇಶವೇನು ಸಣ್ಣದೇ, ತಾಯಿ?

ಗಂಡನದು ಅಡ್ಡಗೀಟು, ಅಪ್ಪನದೇ ಅಚ್ಚು.
ಅವಳದೂ ಅಡ್ಡಗೀಟು.
‘ಅವಳ ಗೀಟಿನ ಪಕ್ಕ ಮಸಿ ಬಿದ್ದಿದೆ,
ಶುದ್ಧ ಪ್ರತಿ ಸಿಗಬಹುದೆ’ ಎಂದು ಕೇಳಿದ್ದೀರಿ.

ಭೂತಗನ್ನಡಿ ಹಿಡಿದೆ. ಕಿಟಕಿಯ ಬಳಿಗೆ ಒಯ್ದೆ.
ಹೊರಗೆ ಯಾರೋ ಬಸ್ಸಿಗೆ ಕೂಗುತ್ತಿದ್ದರು, ಶಿವಾಜಿನಗರ, ಶಿವಾಜಿನಗರ,
ಅದೇ ಬ್ಲಾಕ್‌ಪಳ್ಳಿಗೆ.
ಮಸಿ ಬಿದ್ದದ್ದಲ್ಲ. ಬರೆದದ್ದು.
ನಡುಗುವ ಎರಡು ಸುತ್ತು, ಕೆಳಗೆಳೆದ ಬಾಲ.
ಮಕ್ಕೆ ಕೊಂಬು
ಮು.

ಮುನಿಯಮ್ಮನೋ ಮುದ್ದಮ್ಮನೋ ಮುತ್ತಕ್ಕನೋ ತಿಳಿಯದು.
ತೆಲುಗಿನ ಮು ಕೂಡ ಇರಬಹುದು, ಆ ಕೇರಿಯಲ್ಲಿ
ಎರಡೂ ಒಂದೇ ನೀರು ಕುಡಿಯುತ್ತಿದ್ದವು.
ಮುಂದಿನ ಅಕ್ಷರ ಇರಬೇಕಾದಲ್ಲಿ
ಪಾದ್ರಿಯ ಸಹಿ ಕಾಲು ಚಾಚಿ ಕೂತಿದೆ.
ಸಾಕು ಅಂದರೋ, ಲೇಖನಿ ಕಸಿದರೋ,
ಅವಳಿಗೇ ಅಷ್ಟು ಮಾತ್ರ ಬರುತ್ತಿತ್ತೋ.
ಒಂದು ಮಾತು ಹೇಳಬಲ್ಲೆ:
ನಿಮ್ಮ ಮನೆತನದಲ್ಲಿ ಅಕ್ಷರಕ್ಕೆ
ಮೊದಲು ಕೈ ಹಾಕಿದವಳು ಅವಳು.

ನನ್ನವರೂ ಇದೇ ಬೀರುವಿನಲ್ಲಿದ್ದಾರೆ.
ಮುತ್ತಜ್ಜಿ ಸಲೋಮಿಯ ತನಕ ಹೋಗಬಹುದು.
ನೀರು ಮುಟ್ಟುವ ಮೊದಲು ಅವಳನ್ನು
ಏನೆಂದು ಕೂಗುತ್ತಿದ್ದರು ಎಂದು
ಆ ಪುಟವನ್ನೂ ಈಗ ಭೂತಗನ್ನಡಿಯಲ್ಲಿ ನೋಡಿದೆ.
ಅಡ್ಡಗೀಟು. ಪಕ್ಕದಲ್ಲಿ ಬಿಳಿ.

ನಕಲು ಕಳಿಸಿದ್ದೇನೆ.
ಯಂತ್ರದಲ್ಲಿ ಕಲೆ ತೆಗೆಯುವ ಗುಂಡಿಯೊಂದಿದೆ,
ಹೊಸದು, ಹೋದ ವರ್ಷ ಕೊಂಡದ್ದು.
ಒತ್ತಲಿಲ್ಲ. ಕ್ಷಮಿಸಿ.